ಡಾಕ್‌ಸ್ಟ್ರಿಂಗ್ ಶೈಲಿಯ ಒಪ್ಪಂದದ ಕುರಿತು

ಐದು ಜನರ ಪೈಥಾನ್ ಯೋಜನೆಯಲ್ಲಿ ಇಬ್ಬರು ಗೂಗಲ್ ಶೈಲಿಯಲ್ಲಿಯೂ ಉಳಿದವರು ನಂಪೈ (ಪೈಥಾನ್‌ನ ಸಂಖ್ಯಾ ಲೆಕ್ಕಾಚಾರದ ಲೈಬ್ರರಿ) ಶೈಲಿಯಲ್ಲಿಯೂ ಡಾಕ್‌ಸ್ಟ್ರಿಂಗ್ (ಫಂಕ್ಷನ್ ಏನು ಮಾಡುತ್ತದೆಂದು ಅದರೊಳಗೇ ಬರೆಯುವ ವಿವರಣೆ) ಬರೆಯುತ್ತಿರುವುದರಿಂದ ಯಾವುದನ್ನು ಉಳಿಸಿಕೊಳ್ಳಬೇಕೆಂದು ಕೇಳಿದ್ದೀರಿ. ಎರಡೂ ಒಳ್ಳೆಯವೇ, ಈಗಿನ ಕೋಡ್‌ನಲ್ಲಿ ಹೆಚ್ಚಾಗಿರುವುದನ್ನು ಆರಿಸಿಕೊಂಡರೆ ತಿದ್ದುವ ಕೆಲಸ ಕಡಿಮೆಯಾಗುತ್ತದೆ. ಡಾಕ್‌ಸ್ಟ್ರಿಂಗ್ ಕುರಿತ ಪೈಥಾನ್‌ನ 2001ರ ಮಾರ್ಗಸೂಚಿಯಾದ ಪೆಪ್ 257, ಮೊದಲ ಸಾಲು ಆಜ್ಞಾರೂಪದಲ್ಲಿದ್ದು ಪೂರ್ಣವಿರಾಮದಿಂದ ಮುಗಿಯಬೇಕೆಂದು ಹೇಳುತ್ತದೆಯೇ ಹೊರತು, ಆರ್ಗ್ಯುಮೆಂಟ್‌ಗಳ (ಫಂಕ್ಷನ್‌ಗೆ ಕೊಡುವ ಮೌಲ್ಯಗಳ) ವಿವರವನ್ನು ಯಾವ ವಿನ್ಯಾಸದಲ್ಲಿ ಬರೆಯಬೇಕೆಂಬುದನ್ನು ನಿಗದಿಪಡಿಸುವುದಿಲ್ಲ. ನಿಮ್ಮ ತಂಡದ ಭಿನ್ನಾಭಿಪ್ರಾಯ ಹುಟ್ಟಿರುವುದು ಆ ಖಾಲಿ ಜಾಗದಲ್ಲಿಯೇ.

ನಿರ್ಧಾರವನ್ನು ಕೋಡ್‌ನ ಶೈಲಿ ಮತ್ತು ತಪ್ಪುಗಳನ್ನು ಪರಿಶೀಲಿಸುವ ರಫ್ ಉಪಕರಣದ ಸಂರಚನೆಯಲ್ಲಿ ಒಂದು ಸಾಲಾಗಿ ಬರೆದು, ಡಾಕ್‌ಸ್ಟ್ರಿಂಗ್ ನಿಯಮಗಳನ್ನು ಸಕ್ರಿಯಗೊಳಿಸಿಬಿಡಿ. ಆಗ ತಪ್ಪು ತೋರಿಸುವ ಕೆಲಸ ಯಂತ್ರದ ಪಾಲಾಗುವುದರಿಂದ ಸಹೋದ್ಯೋಗಿಗಳ ನಡುವೆ ಮನಸ್ತಾಪಕ್ಕೆ ಆಸ್ಪದವಿರುವುದಿಲ್ಲ. ಹಳೆಯ ಕಡತಗಳನ್ನು ಪ್ರತ್ಯೇಕ ಕಮಿಟ್‌ನಲ್ಲಿಯೇ (ದಾಖಲಾದ ಬದಲಾವಣೆಯಲ್ಲಿಯೇ) ತಿದ್ದಿ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ 2.23ನೇ ಆವೃತ್ತಿಯಿಂದ, ಯಾವ ಸಾಲನ್ನು ಯಾರು ಬದಲಿಸಿದರೆಂದು ತೋರಿಸುವ ಬ್ಲೇಮ್ ಬಳಸುವಾಗ ಅಂಥ ಕಮಿಟ್‌ಗಳನ್ನು ಕಡೆಗಣಿಸುವ ಸೌಲಭ್ಯವಿದೆ.

ಆದರೆ ಇಂಥ ಉಪಕರಣಗಳು ಹಿಡಿಯಲಾರದ ದೋಷವೊಂದಿದೆ, ನನಗೆ ಹೆಚ್ಚು ಕಳವಳ ಅದರ ಬಗ್ಗೆಯೇ. ನಾನಿದ್ದ ಒಂದು ತಂಡದಲ್ಲಿ ‘ಮೂರು ಬಾರಿ ಮರುಪ್ರಯತ್ನಿಸು’ ಎಂಬ ಕಾಮೆಂಟ್‌ನ ಕೆಳಗಿನ ಸಾಲಿನಲ್ಲಿ ಐದು ಎಂದಿತ್ತು. ಯಾವುದು ಉದ್ದೇಶ, ಯಾವುದು ತಪ್ಪು ಎಂದು ತಿಳಿಯಲು ಅರ್ಧ ದಿನ ಹಿಡಿಯಿತು. ಕೋಡ್‌ಗೆ ವಿರುದ್ಧವಾದ ಕಾಮೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲೆಂದು ಪೈಥಾನ್‌ನ ಶೈಲಿ ಮಾರ್ಗಸೂಚಿಯಾದ ಪೆಪ್ 8 ಕೂಡ ಹೇಳುತ್ತದೆ. ಆದ್ದರಿಂದ ಸಂಖ್ಯೆಯನ್ನು ಕೋಡ್‌ಗೇ ಬಿಟ್ಟು, ಆ ಸಂಖ್ಯೆ ಏಕೆ ಬೇಕಾಯಿತೆಂಬ ಕಾರಣವನ್ನು ಮಾತ್ರ ಕಾಮೆಂಟ್‌ನಲ್ಲಿ ಬರೆಯುವುದೆಂದು ಮೊದಲು ಒಪ್ಪಿಕೊಳ್ಳಿ. ಡಾಕ್‌ಸ್ಟ್ರಿಂಗ್ ಶೈಲಿಯ ಚರ್ಚೆ ಅದರ ನಂತರವಿರಲಿ.