ಕೆಂಪು ಸುತ್ತು ಹನ್ನೊಂದು, ತಪ್ಪು ಎರಡೇ

ಪ್ರಶ್ನೆ: ಮೇಡಂ, ನಮಸ್ತೆ. ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. 'ಮಳೆ ಬಂದ ದಿನ' ಅಂತ ಪ್ರಬಂಧ ಬರೆಯೋಕೆ ಕೊಟ್ಟಿದ್ದರು. ಅವಳು ಅಜ್ಜಿ ಮನೆ ಸೋರಿದ್ದನ್ನು ಬರೆದಳು. 10ಕ್ಕೆ 4 ಬಂತು. ಹಾಳೆ ತುಂಬ ಕೆಂಪು ಸುತ್ತು. ಎಣಿಸಿದೆ, 11 ಇದ್ದವು. ಪಕ್ಕದ ಮನೆ ಹುಡುಗ ಗೈಡ್ ನೋಡಿ ಬಾಯಿಪಾಠ ಮಾಡಿದ್ದನ್ನು ಬರೆದ, ಅವನಿಗೆ 9. 'ಇನ್ಮೇಲೆ ನಾನೂ ಗೈಡ್ ನೋಡೇ ಬರೀತೀನಮ್ಮ' ಅಂತಾಳೆ. ಹಾಳೆಯ ಫೋಟೊ ಕಳಿಸಿದ್ದೇನೆ. ಪ್ರಬಂಧಕ್ಕೆ ಹೀಗೆ ಅಂಕ ಹಾಕೋದು ಸರಿನಾ? ಮೇಷ್ಟ್ರ ಹತ್ತಿರ ಮಾತಾಡಲಾ?
– ಒಬ್ಬ ತಾಯಿ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ತಾಯಿ, ಫೋಟೊ ದೊಡ್ಡದು ಮಾಡಿಕೊಂಡು ಮೂರು ಸಲ ಓದಿದೆ. 'ಅಜಿ ಸೋರೋ ಕಡೆಗೆಲ ಪಾತ್ರೆ ಇಟಳು. ನಾನು ಹೆಣಿಸಿದೆ. ಹೊಂಬತು. ಪಾತ್ರೆ ಪಾತ್ರೆಗೂ ಸದು ಬೇರೆ. ಕಂಚಿನ ಚೊಂಬಿನ ಸದು ಚೆನಾಗಿತು.' ನಾನು 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಮಳೆಯ ಮೇಲಿನ ಪ್ರಬಂಧ ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಚೊಂಬಿನ ಸದ್ದು ಕೇಳಿಸಿಕೊಂಡು ಬರೆದ ಮಗು ಇದೇ ಮೊದಲು ನೋಡಿದ್ದು.

ಈಗ ಕೆಂಪು ಸುತ್ತುಗಳಿಗೆ ಬರೋಣ. ಸುತ್ತು 11 ಇವೆ, ನಿಜ. ಆದರೆ ತಪ್ಪು ಎರಡೇ ಜಾತಿಯವು. ಒಂದು, ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದ ಕಡೆ ಒತ್ತು ಬಿಟ್ಟಿದ್ದಾಳೆ. ಅಜ್ಜಿ 'ಅಜಿ' ಆಗಿದೆ, ಸದ್ದು 'ಸದು' ಆಗಿದೆ. 'ಪಾತ್ರೆ' ನೋಡಿ, ಅಲ್ಲಿ ರ ಒತ್ತು ಸರಿಯಾಗಿ ಕೊಟ್ಟಿದ್ದಾಳೆ. ಅಂದರೆ ಒತ್ತು ಬರೆಯೋಕೆ ಅವಳಿಗೆ ಬರುತ್ತದೆ, ಎರಡು ಸಲ ಬರುವ ಅಕ್ಷರ ಇನ್ನೂ ಕಿವಿಗೆ ಸಿಕ್ಕಿಲ್ಲ. ಇನ್ನೊಂದು ಹಕಾರದ್ದು. ನಮ್ಮ ಕಡೆ ಹಳ್ಳಿಗಳಲ್ಲಿ ಹಾಲು 'ಆಲು' ಆಗುತ್ತದೆ, ಹಾಸನ 'ಆಸನ' ಆಗುತ್ತದೆ. ಶಾಲೆಯಲ್ಲಿ 'ಹ ಹಾಕು, ಹ ಹಾಕು' ಅಂತ ತಿದ್ದುತ್ತೇವೆ. ಮಗು ಹೆದರಿಕೊಂಡು ಬೇಡದ ಕಡೆಯೂ ಹಾಕುತ್ತದೆ. 'ಹೆಣಿಸಿದೆ' ಬಂದಿದ್ದು ಹಾಗೆ.

ನಾಲ್ಕನೇ ತರಗತಿಯಲ್ಲಿ ಇದು ಜಾಸ್ತಿ ಎದ್ದು ಕಾಣೋಕೆ ಇನ್ನೊಂದು ಕಾರಣವೂ ಇದೆ. ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿವರೆಗೆ ನಲಿಕಲಿ, ಅಂದರೆ ಆಡುತ್ತಾ ನಲಿಯುತ್ತಾ ಕಲಿಯೋದು. 1995ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಶಾಲೆಗಳಲ್ಲಿ ಶುರುವಾದ ಕ್ರಮ ಅದು. ಅಲ್ಲಿ ಅ ಆ ಇ ಈ ಅಂತ ಶುರು ಮಾಡೋದಿಲ್ಲ. ರ ಗ ಸ ದ ಅ ಕಲಿತ ಕೂಡಲೇ ಮಗು ಸರ, ಅರಸ, ಗರಗಸ ಓದುತ್ತದೆ. ಪಾಠದ ಕಾರ್ಡು ಹಿಡಿದು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲಾಗಿ ಕಲಿಕೆಯ ಏಣಿ ಹತ್ತುತ್ತದೆ. ನಾಲ್ಕಕ್ಕೆ ಬಂದ ಮೇಲೆ ಎಲ್ಲರಿಗೂ ಒಂದೇ ಪಾಠ, ಒಂದೇ ದಿನ ಪ್ರಬಂಧ, ಒಂದೇ ಅಳತೆ.

ಆ ಅಳತೆಯ ಬಗ್ಗೆ ನನ್ನದೇ ಒಂದು ವಿಷಯ ಹೇಳಬೇಕು. ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಂದು ತಪ್ಪಿಗೆ ಅರ್ಧ ಅಂಕ ಕಳೆಯುವ ಲೆಕ್ಕ ನನ್ನದು. ನಾನು ಓದುವಾಗ ನನಗೂ ಹಾಗೇ ಹಾಕಿದ್ದರು. ತಾಂಡಾದಿಂದ ಬರುತ್ತಿದ್ದ ಐದನೇ ತರಗತಿ ಹುಡುಗನೊಬ್ಬ ಅವರ ಮನೆ ಎಮ್ಮೆ ಕರು ಹಾಕಿದ ರಾತ್ರಿಯ ಬಗ್ಗೆ ಎರಡು ಪುಟ ಬರೆದ. ಮನೆಯಲ್ಲಿ ಅವನದು ಲಂಬಾಣಿ ಮಾತು. ಇಪ್ಪತ್ತು ತಪ್ಪು ಸಿಕ್ಕವು, ಹತ್ತು ಅಂಕವೂ ಹೋಯಿತು. ಸೊನ್ನೆ ಹಾಕೋಕೆ ಮನಸ್ಸು ಬರದೆ ಒಂದು ಹಾಕಿದೆ. ಮುಂದಿನ ಸಲ ಅವನು ಐದೇ ಸಾಲು ಬರೆದ. ಗೊತ್ತಿರುವ ಪದ ಬಿಟ್ಟು ಬೇರೆ ಮುಟ್ಟಿರಲಿಲ್ಲ. ಒಂದೂ ತಪ್ಪಿರಲಿಲ್ಲ. ಎಂಟು ಕೊಟ್ಟೆ, 'ಭೇಷ್' ಅಂತಲೂ ಬರೆದೆ. ಆ ವರ್ಷವೆಲ್ಲ ಅವನು ಐದು ಸಾಲು ದಾಟಲಿಲ್ಲ. ನಾನೇ ಕಲಿಸಿದ್ದು ಅದು, ಕಡಿಮೆ ಬರೆದರೆ ಕ್ಷೇಮ ಅಂತ. ಇವತ್ತಿಗೂ ಆ ಎರಡು ಪುಟ ನೆನಪಾದರೆ ಸಂಕಟವಾಗುತ್ತದೆ.

ತಪ್ಪು ಎಣಿಸೋಕೆ ಉಕ್ತಲೇಖನ ಇದೆ. ಹತ್ತು ಪದ ಹೇಳಿ, ಹತ್ತು ಅಂಕ ಇಡಿ, ಸರಿ. ಪ್ರಬಂಧದಲ್ಲಿ ನೋಡಬೇಕಾದ್ದು ಮಗು ಏನು ಹೇಳಿತು ಅನ್ನೋದು. ಆಮೇಲೆ ನಾನು ಹತ್ತು ಅಂಕವನ್ನು ಒಡೆದುಕೊಂಡೆ. ವಿಷಯಕ್ಕೆ 4, ಒಂದಾದ ಮೇಲೊಂದು ಹೇಳಿದ ರೀತಿಗೆ 2, ಪದ-ವಾಕ್ಯಕ್ಕೆ 2, ಕಾಗುಣಿತ ಮತ್ತು ಅಕ್ಷರಕ್ಕೆ 2. ಒಂದೇ ಜಾತಿಯ ತಪ್ಪು ಎಷ್ಟು ಸಲ ಬಂದರೂ ಒಂದೇ ತಪ್ಪು. ಈ ಲೆಕ್ಕದಲ್ಲಿ ನಿಮ್ಮ ಮಗಳಿಗೆ ವಿಷಯಕ್ಕೆ ಪೂರ್ತಿ 4 ಕೊಡುತ್ತೇನೆ. ಕೊನೆಯಲ್ಲಿ ಮಳೆ ನಿಂತಿತೋ ಇಲ್ಲವೋ ಹೇಳದೆ ಮಲಗಿಬಿಟ್ಟಿದ್ದಾಳೆ, ಅದಕ್ಕೆ ಎರಡನೆಯದರಲ್ಲಿ 1. ವಾಕ್ಯಕ್ಕೆ ಒಂದೂವರೆ, ಕಾಗುಣಿತಕ್ಕೆ ಅರ್ಧ. ಒಟ್ಟು 7. ಪಕ್ಕದ ಮನೆ ಹುಡುಗನ ಮೇಲೆ ಬೇಸರ ಬೇಡ. ಅವನ ಮನೆ ಮೇಲೂ ಮಳೆ ಬಂದಿರುತ್ತದೆ, ಅವನನ್ನು ಯಾರೂ ಕೇಳಿಲ್ಲ ಅಷ್ಟೇ.

ಮೇಷ್ಟ್ರ ಹತ್ತಿರ ಖಂಡಿತ ಮಾತಾಡಿ. 'ಯಾಕೆ ನಾಲ್ಕು ಕೊಟ್ಟಿರಿ' ಅಂತ ಶುರು ಮಾಡಬೇಡಿ. ನಲವತ್ತು ಪುಸ್ತಕ ತಿದ್ದುವ ಕೈಗೆ ಸುತ್ತು ಹಾಕೋದು ಬೇಗ ಆಗುವ ಕೆಲಸ, ನಾನೂ ಮಾಡಿದ್ದೇನೆ. ಹಾಳೆ ತೋರಿಸಿ, 'ಸರ್, ಇದರಲ್ಲಿ ಮೊದಲು ಯಾವುದನ್ನು ತಿದ್ದಿಸಲಿ?' ಅಂತ ಕೇಳಿ. ಆಗ ಅವರೂ ಇನ್ನೊಂದು ಸಲ ಓದುತ್ತಾರೆ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. 'ಕತೆ' ಅನ್ನಿಸಿ, 'ಕತ್ತೆ' ಅನ್ನಿಸಿ. ಕತ್ತೆ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒಂದು ಗಳಿಗೆ ನಿಲ್ಲುತ್ತದೆ, ಅಲ್ವಾ? ಅದು ನಿಂತ ಕಡೆ ಒತ್ತು. ಹಕಾರಕ್ಕೆ ಅಂಗೈ ಬಾಯಿ ಮುಂದೆ ಹಿಡಿಸಿ 'ಹಕ್ಕಿ', 'ಅಕ್ಕಿ' ಅನ್ನಿಸಿ. ಹಕ್ಕಿ ಅಂದಾಗ ಅಂಗೈಗೆ ಬಿಸಿ ಉಸಿರು ತಾಗುತ್ತದೆ. ಆಮೇಲೆ ಅದೇ ಪ್ರಬಂಧವನ್ನು ಇನ್ನೊಂದು ಸಲ ಬರೆಯಲಿ, ಅಜ್ಜಿಗೆ ಓದಿ ಹೇಳಲಿ. ಗೈಡ್ ಮಾತ್ರ ಈ ವರ್ಷ ಬೇಡ.

ಪ್ರಶ್ನೆ: ಆರನೇ ತರಗತಿಯ ಮಗನಿಗೆ ಕನ್ನಡದಲ್ಲಿ ಬಿ ಪ್ಲಸ್ ಬಂದಿದೆ. ಅಂದರೆ ಬರವಣಿಗೆಯಲ್ಲಿ ಹಿಂದೆ ಇದ್ದಾನೆ ಅಂತಲಾ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಅಷ್ಟು ಹೇಳೋಕೆ ಆ ಅಕ್ಷರ ಸಾಲದು. ನಮ್ಮ ರಾಜ್ಯದ ಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಪಾಠ ನಡೆಯುತ್ತಿರುವಾಗಲೇ ಮಾಡೋದು, ತಲಾ 15 ಅಂಕ. ಎರಡು ಸಂಕಲನಾತ್ಮಕ, ಅಂದರೆ ಅರ್ಧ ವರ್ಷದ ಕೊನೆಗೊಂದು ಮಾಡೋದು, ತಲಾ 20. ಒಟ್ಟು 100. 90ರಿಂದ ಮೇಲೆ ಎ ಪ್ಲಸ್, 70ರಿಂದ ಎ, 50ರಿಂದ 69ರವರೆಗೆ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕೆಳಗೆ ಸಿ. 50 ತೆಗೆದವನೂ 69 ತೆಗೆದವನೂ ಒಂದೇ ಅಕ್ಷರದಲ್ಲಿ ಇರುತ್ತಾರೆ. ಓದು, ಮಾತು, ಬರಹ ಎಲ್ಲ ಸೇರಿ ಬಂದ ಅಕ್ಷರ ಅದು. ಶಾಲೆಯಲ್ಲಿ ಅವನ ಕೃತಿಸಂಪುಟ ಕೇಳಿ ನೋಡಿ. ಮಕ್ಕಳು ಬರೆದಿದ್ದು, ಚಿತ್ರ ಬಿಡಿಸಿದ್ದು ಎಲ್ಲ ಅದರಲ್ಲಿ ಇಟ್ಟಿರುತ್ತಾರೆ. ಜೂನ್‌ನಲ್ಲಿ ಬರೆದ ಒಂದು ಪುಟ, ಡಿಸೆಂಬರ್‌ನ ಒಂದು ಪುಟ ಅಕ್ಕಪಕ್ಕ ಇಟ್ಟು ಓದಿ. 'ಯಾಕೆಂದರೆ', 'ಆದರೂ' ಅಂತ ವಾಕ್ಯ ಜೋಡಿಸೋಕೆ ಶುರು ಮಾಡಿದ್ದಾನಾ ನೋಡಿ. ಎರಡೂ ಹಾಳೆಯ ಫೋಟೊ ನನಗೂ ಕಳಿಸಿ. ಓದಿ ಬರೆಯುತ್ತೇನೆ.