ಗೀಸರ್‌ಗೆ ವೈಫೈ ಸ್ವಿಚ್ ಹಾಕಬಹುದಾ?

ಬೀದರ್‌ನ ಚಳಿಯಲ್ಲಿ ಹಾಸಿಗೆಯಿಂದ ಏಳುವ ಮೊದಲೇ ಫೋನಿನಿಂದ ಗೀಸರ್ ಆನ್ ಮಾಡಬೇಕು, ಅದಕ್ಕೆ ಮಾಮೂಲಿ ವೈಫೈ ಪ್ಲಗ್ ಸಾಕಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ 6 ಅಥವಾ 10 ಆಂಪಿಯರ್ ಪ್ಲಗ್ ಬೇಡವೇ ಬೇಡ.

ಇಂಗ್ಲೆಂಡಿನ ಮನೆಗಳಲ್ಲಿ ಕೋಣೆಗಳನ್ನೂ ನಲ್ಲಿ ನೀರನ್ನೂ ಬಿಸಿ ಮಾಡುವ ಕಾಂಬಿ ಬಾಯ್ಲರ್‌ಗೂ ವೈರ್‌ಲೆಸ್ ಥರ್ಮೋಸ್ಟಾಟ್ (ಬಿಸಿ ಎಷ್ಟಿದೆ ನೋಡಿ ಆನ್-ಆಫ್ ಮಾಡುವ ಸಾಧನ) ಹಾಕುತ್ತಾರೆ. ಅಲ್ಲಿ ಅದರ ರಿಸೀವರ್ ಬಾಯ್ಲರ್‌ಗೆ ‘ಶುರು ಮಾಡು, ನಿಲ್ಲಿಸು’ ಎಂಬ ಸೂಚನೆ ಕೊಡುತ್ತದೆ ಅಷ್ಟೇ, ನೀರು ಕಾಯಿಸುವುದು ಸಾಮಾನ್ಯವಾಗಿ ಗ್ಯಾಸ್. ನಮ್ಮ ಗೀಸರ್‌ನಲ್ಲಿ ಹಾಗಲ್ಲ. ಪೂರ್ತಿ ಕರೆಂಟ್ ಈ ವೈಫೈ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವ್ಯಾಟ್‌ನದು 13. ಅಷ್ಟು ಹೊತ್ತು ಅಷ್ಟು ಕರೆಂಟ್ ಹೋದರೆ ಸಣ್ಣ ಪ್ಲಗ್ ಕಾದು ಕರಗಬಹುದು, ಅಲ್ವಾ?

16 ಆಂಪಿಯರ್‌ನದೇ ತೆಗೆದುಕೊಳ್ಳಿ. ಬಚ್ಚಲಿನ ಹೊರಗೆ, ನೀರು ತಾಗದ ಕಡೆ ಕೂರಿಸಿ. ಆಫ್ ಮಾಡಿದಾಗ ಸ್ವಿಚ್ ಫೇಸ್ ತಂತಿಯ ಸಂಪರ್ಕ ತಪ್ಪಿಸಬೇಕು, ನ್ಯೂಟ್ರಲ್‌ನದ್ದಲ್ಲ. ಇದು ತಪ್ಪಿದರೆ ಆಫ್ ಆಗಿದ್ದರೂ ಗೀಸರ್‌ನೊಳಗೆ ಕರೆಂಟ್ ಇರುತ್ತದೆ. ಅರ್ತಿಂಗ್ ಸರಿಯಿರಲಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷಾ ಸ್ವಿಚ್) ಇರಲಿ. ಗೀಸರ್‌ನ ಸ್ವಂತ ಥರ್ಮೋಸ್ಟಾಟನ್ನು ಮಾತ್ರ ಯಾರು ಹೇಳಿದರೂ ತೆಗೆಸಬೇಡಿ.

ಆ್ಯಪ್‌ನಲ್ಲಿ ತಾನೇ ಆಫ್ ಆಗುವ ಟೈಮರ್ ಇಡಿ. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು 2000 ವ್ಯಾಟ್‌ಗೆ ಬೇಕಾಗುವುದು ಸುಮಾರು 21 ನಿಮಿಷ. ಸುಮ್ನೆ ಗಂಟೆಗಟ್ಟಲೆ ಬಿಡಬೇಡಿ. ತಂತಿ ಜೋಡಿಸುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ಗೆ ಕೊಡಿ.