ಸೇರಿದ್ದು ನಾಲ್ಕು ಕೋರ್ಸ್, ಮುಗಿಸಿದ್ದು ಒಂದೂ ಇಲ್ಲ

ಪ್ರಶ್ನೆ: ನಾನು ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆನ್‌ಲೈನ್‌ನಲ್ಲಿ ಪಾಠ ಹೇಳುವ ಎನ್‌ಪಿಟೆಲ್‌ನ ನಾಲ್ಕು ಉಚಿತ ಕೋರ್ಸ್‌ಗಳಿಗೆ ಸೇರಿದೆ, ಒಂದನ್ನೂ ಮುಗಿಸಲಿಲ್ಲ. ಇಂಗ್ಲಿಷ್ ಅರ್ಥವಾಗುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ತಪ್ಪು ನನ್ನದೇ? ಆ ಸರ್ಟಿಫಿಕೇಟ್‌ಗೆ ಬೆಲೆ ಇದೆಯೇ?
— ಓದುಗರು, ದಾವಣಗೆರೆ

ಉತ್ತರ: ತಪ್ಪು ನಿಮ್ಮೊಬ್ಬರದೇ ಅಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಲೆಕ್ಕವನ್ನು ಸಂಶೋಧಕರು ನೋಡಿ 2019ರಲ್ಲಿ ಪ್ರಕಟಿಸಿದರು. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಾಠವನ್ನೇ ತೆರೆದಿರಲಿಲ್ಲ. 2017–18ರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ ಸುಮಾರು ಮೂರು ಜನ. ಕ್ಲಾಸಿಗೆ ಒಂದು ದಿನ ಹೋಗದಿದ್ದರೆ ಪಕ್ಕದ ಗೆಳತಿ 'ಎಲ್ಲೇ ಹೋಗಿದ್ದೆ?' ಎಂದು ಕೇಳುತ್ತಾಳೆ. ಮೊಬೈಲ್ ಹಾಗೆ ಕೇಳುವುದಿಲ್ಲ, ಅಲ್ವಾ?

ಹಾಗಂತ ಸುಮ್ನೆ ಕೈಬಿಡಬೇಡಿ. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಎನ್‌ಪಿಟೆಲ್ ಶುರು ಮಾಡಿದವು. ಆ ಸಂಸ್ಥೆಗಳಲ್ಲಿ ಸೀಟು ಸಿಕ್ಕವರು ಮಾತ್ರ ಕೇಳುತ್ತಿದ್ದ ಪಾಠ ಈಗ ನಿಮ್ಮ ಹಾಸ್ಟೆಲ್ ಕೋಣೆಗೇ ಬರುತ್ತಿದೆ. ಇದು ಸಣ್ಣ ಮಾತಲ್ಲ.

ಭಾಷೆಯ ತೊಡಕು ನಿಜ. ನನ್ನ ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸ್ ಮಾಡುವಾಗ ನೋಟ್‌ಬುಕ್ಕಿನ ಪ್ರತಿ ಪುಟದ ನಡುವೆ ಗೆರೆ ಎಳೆದಿದ್ದಳು. ಎಡಗಡೆ ಮೇಷ್ಟ್ರು ಹೇಳಿದ ಇಂಗ್ಲಿಷ್ ಪದ, ಬಲಗಡೆ ತನಗೆ ತೋಚಿದ ಕನ್ನಡ. 'ಲೂಪ್' ಎದುರು 'ಸಾಕು ಅನ್ನೋವರೆಗೂ ಅದೇ ಕೆಲಸ' ಎಂದು ಬರೆದಿದ್ದಳು. ಇಪ್ಪತ್ತು ನಿಮಿಷದ ವಿಡಿಯೋಗೆ ಒಂದು ಗಂಟೆ ಹಿಡಿಯುತ್ತಿತ್ತು. ನಾಲ್ಕನೇ ವಾರದ ಹೊತ್ತಿಗೆ ಬಲಗಡೆ ಖಾಲಿ ಬೀಳತೊಡಗಿತು. ಬರೆದುಕೊಳ್ಳುವ ಅಗತ್ಯವೇ ಕಮ್ಮಿಯಾಗಿತ್ತು. ನೀವೂ ವಿಡಿಯೋದ ವೇಗ ಇಳಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ. ಕೆಲವು ಕೋರ್ಸ್‌ಗಳ ಪಾಠ ಕನ್ನಡದಲ್ಲಿ ಬರಹವಾಗಿಯೂ ಸಿಗುತ್ತದೆ. ಎಲ್ಲ ಕೋರ್ಸ್‌ಗೂ ಇಲ್ಲ ಎನ್ನುವ ಬೇಸರ ನನಗೂ ಇದೆ.

ಸರ್ಟಿಫಿಕೇಟ್‌ಗೆ ಬೆಲೆ ಇದೆ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟ್ ಉತ್ತರಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ, ದಯವಿಟ್ಟು ಮುಟ್ಟಬೇಡಿ. ಆ 75 ಅಂಕಕ್ಕೆ ಅವು ನೆರವಿಗೆ ಬರುವುದಿಲ್ಲ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ 'ಸ್ವಯಂ' ಮೂಲಕ ಮಾಡಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಎನ್‌ಪಿಟೆಲ್ ಕೋರ್ಸ್‌ಗಳು ಸ್ವಯಂನಲ್ಲೇ ಇರುತ್ತವೆ. ಆದರೆ ನಿಮಗೆ ಕ್ರೆಡಿಟ್ ಸಿಗುತ್ತದೆಯೇ, ಅಂದರೆ ಕೋರ್ಸ್ ನಿಮ್ಮ ಪದವಿಯ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ.

ಈ ಸಲ ಒಂದೇ ಕೋರ್ಸ್ ಹಿಡಿಯಿರಿ, ಎಂಟು ವಾರದ್ದು. ಗೆಳತಿಯೊಬ್ಬಳನ್ನೂ ಸೇರಿಸಿಕೊಳ್ಳಿ. ಭಾನುವಾರ ಸಂಜೆ ಇಬ್ಬರೂ ಕೂತು, ಆ ವಾರದ ಪಾಠವನ್ನು ಒಬ್ಬರಿಗೊಬ್ಬರು ಕನ್ನಡದಲ್ಲೇ ಹೇಳಿಕೊಡಿ. ಎರಡು ವಾರ ಹೀಗೆ ನಡೆದ ಮೇಲೆ ಪರೀಕ್ಷೆಗೆ ದುಡ್ಡು ಕಟ್ಟಿ.